ಸಾಹೇಬರ ಬೂಟಿಗೆ ಹತ್ತದ ರಾಡಿ

ಬೆಳಿಗ್ಗೆ ಹಾಲು ತರಲು ಇಳಿದವನು ಗೇಟಿನ ಬಳಿ ನಿಂತುಬಿಟ್ಟೆ. ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಎದುರಿನ ರಸ್ತೆಯ ದೊಡ್ಡ ಕೆಸರು ಹೊಂಡಕ್ಕೆ ಸೆಕ್ರೆಟರಿ ಒಡೆದ ಟೈಲ್ಸು, ಜಲ್ಲಿ ಸುರಿಸುತ್ತಿದ್ದ. ಮಧ್ಯಾಹ್ನ ರಸ್ತೆ ನೋಡಲು ಅಧಿಕಾರಿಗಳು ಬರುತ್ತಾರಂತೆ. “ಅಂಕಲ್, ಸಾಬ್ ಕೋ ಅಚ್ಛಾ ದಿಖನಾ ಚಾಹಿಯೆ” ಎಂದ. ಸಾಹೇಬರ ಕಣ್ಣಿಗೆ ಚಂದ ಕಾಣಬೇಕಂತೆ. ಆ ಜಲ್ಲಿಯ ಧೂಳು ಮೂಗಿಗೆ ಬಡಿದದ್ದೇ ತಡ, ನನಗೆ ಶರಣವ್ವ ನೆನಪಾದಳು. ಹಾಲು ಮರೆತು ಮೇಲೆ ಬಂದೆ.

ತೊಂಬತ್ತರ ದಶಕದ ಮಾತು. ಉಡುಪಿ ಕಡೆಯವನಾಗಿ ಹೋಟೆಲು ಇಡುವ ಯೋಗ್ಯತೆಯಿಲ್ಲದೆ ನಾನು ಸರ್ಕಾರಿ ಕಚೇರಿಯೊಂದರಲ್ಲಿ ಮರಾಠಿ ಟೈಪಿಸ್ಟ್ ಆಗಿದ್ದೆ. ಊರೂರಿನ ರಸ್ತೆ, ಸೇತುವೆಗಳಿಗೆ ಸರ್ಕಾರ ಕೊಡುವ ಅನುದಾನದ ಕಾಗದಗಳೆಲ್ಲ ನನ್ನ ಬೆರಳ ಕೆಳಗಿಂದಲೇ ಹೋಗಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ ಎಂಬ ಗತ್ತು ನನಗೆ. ಹೆಂಡತಿ ಮಾತ್ರ ನಂಬುತ್ತಿರಲಿಲ್ಲ. ನಮ್ಮ ಮನೆಯ ಮುಂದಿನ ಗಟಾರಕ್ಕೊಂದು ಮುಚ್ಚಳ ಹಾಕಿಸಿ ನೋಡುವ ಎನ್ನುತ್ತಿದ್ದಳು.

ಶರಣವ್ವ ಕಲಬುರಗಿಯವಳು, ಡಾಂಬರು ಹಾಕುವ ಕೂಲಿ. ಠಾಣೆ ಜಿಲ್ಲೆಯ ಎಷ್ಟೋ ರಸ್ತೆಗೆ ಜಲ್ಲಿ ಹೊತ್ತವಳು. ಅವಳಿದ್ದದ್ದು ಮಾತ್ರ ದಿವಾ ಸ್ಟೇಷನ್ನಿನ ಹತ್ತಿರ, ಕೊಳಚೆ ಹರಿಯುವ ನಾಲಾದ ಆಚೆ. ದಾಟಲು ಅಡ್ಡ ಹಾಕಿದ್ದ ಎರಡು ಹಳೆಯ ವಿದ್ಯುತ್ ಕಂಬಗಳೇ ಗತಿ. ಸೇತುವೆಗಾಗಿ ಅರ್ಜಿ ಹಿಡಿದು ಕಚೇರಿಗೆ ಬಂದವಳು ನನ್ನ ಕನ್ನಡ ಕೇಳಿ ಕಣ್ಣರಳಿಸಿದಳು.

“ಅಣ್ಣೋರ, ಮಗಳಿಗಿ ಐದು ತಿಂಗಳ ತುಂಬ್ಯಾವ. ರಿಕ್ಷಾದಂವ ಆ ದಂಡಿಗೇ ನಿಂದರ್ತಾನ. ಮಳ್ಯಾಗ ಬ್ಯಾನಿ ಎದ್ದರ ಆ ಕಂಬದ ಮ್ಯಾಲ ಹ್ಯಾಂಗ್ ದಾಟಿಸ್ಲಿ?”

ನಾನು ಅರ್ಜಿಯನ್ನು ಕಟ್ಟಿನ ಅಡಿಯಿಂದ ಮೇಲಕ್ಕೆ ತಂದೆ. ಪುಣ್ಯಕ್ಕೆ ಸಾಹೇಬರು ಸ್ಥಳ ನೋಡಲು ಒಪ್ಪಿದರು. ಸುಮ್ಮನಿರಬಹುದಿತ್ತು. ಆದರೆ ನಾನು ಹೇಳಿ ಕಳಿಸಿದೆ: “ದೊಡ್ಡವರು ಬರ್ತಾರೆ ಮಾರಾಯ್ತಿ, ಸ್ವಲ್ಪ ಚಂದ ಮಾಡಿ ಇಡಿ.”

ಮನೆಗೆ ಬಂದವರ ಕಾಲಿಗೆ ಕೆಸರು ಹತ್ತಿದರೆ ಮರ್ಯಾದೆ ಹೋಯಿತು ಎನ್ನುವ ಮಂದಿ ಶರಣವ್ವನ ಕೇರಿಯವರು. ಎರಡು ದಿನದ ಕೂಲಿ ಬಿಟ್ಟು ಕಂಬಗಳ ಮೇಲೆ ಹಲಗೆ ಬಡಿದರು, ಕೈ ಹಿಡಿಯಲು ಬಿದಿರಿನ ಕಟಾಂಜನ ಕಟ್ಟಿದರು. ಮಾವಿನ ತೋರಣ, ರಂಗೋಲಿ ಬೇರೆ. ಸಾಹೇಬರು ಹೊಳೆಯುವ ಬೂಟಿನಲ್ಲಿ ಸಲೀಸಾಗಿ ದಾಟಿ, ಏಲಕ್ಕಿ ಚಹಾ ಕುಡಿದು, “ವಾ, ಛಾನ್!” ಎಂದರು. ಅವರ ಹಿಂದೆ ನಾನೂ ಮದುವೆಯ ಗಂಡಿನ ಹಾಗೆ ನಡೆದೆ.

ಮರುದಿನ ಸಾಹೇಬರ ವರದಿ ಟೈಪಿಗೆಂದು ನನ್ನ ಮೇಜಿಗೇ ಬಂತು. ಸದರಿ ಸ್ಥಳದಲ್ಲಿ ದಾಟಲು ಸುಸ್ಥಿತಿಯ ವ್ಯವಸ್ಥೆಯಿದೆ, ತುರ್ತು ಅಗತ್ಯವಿಲ್ಲ. ಸಾಹೇಬರೇ, ಅದು ನಿಮಗಾಗಿ ಕಟ್ಟಿದ್ದು ಎಂದು ಹೇಳಲು ನಾಲ್ಕು ಹೆಜ್ಜೆ ನಡೆದರೆ ಸಾಕಿತ್ತು. ನಡೆಯಲಿಲ್ಲ. ಹೆದರಿದೆ. ಒಂದು ಅಕ್ಷರವೂ ತಪ್ಪದಂತೆ ಟೈಪ್ ಮಾಡಿದೆ. ಆ ವರ್ಷದ ಅನುದಾನ, ಮೊದಲೇ ಚೆನ್ನಾಗಿದ್ದ ಇನ್ನೊಂದು ರಸ್ತೆಗೆ ಹೋಯಿತು.

ಮೊದಲ ದೊಡ್ಡ ಮಳೆಗೆ ಹಲಗೆಗಳು ತೇಲಿಹೋದವಂತೆ. ಮಗಳಿಗೆ ನೋವು ಬಂದ ದಿನ ನಾಲಾ ಕಂಬಗಳ ಮೇಲೆಯೇ ಹರಿಯುತ್ತಿತ್ತು. ಬಾಗಿಲು ಕಿತ್ತು, ಅದರ ಮೇಲೆ ಮಲಗಿಸಿ, ರೈಲ್ವೆ ಹಳಿಯ ಮೇಲೆ ಸುತ್ತು ಬಳಸಿ ಆಸ್ಪತ್ರೆಗೆ ಒಯ್ದರು. ಮಗಳು ಉಳಿದಳು. ಕೂಸು ಉಳಿಯಲಿಲ್ಲ.

ಇದನ್ನು ಶರಣವ್ವನೇ ಕಚೇರಿಗೆ ಬಂದು ಹೇಳಿದಳು. ಬೈಯಲು ಬಂದಿರಲಿಲ್ಲ. ಸೇತುವೆ ಯಾಕೆ ಬರಲಿಲ್ಲ ಎಂದು ಕೇಳಲು ಬಂದಿದ್ದಳು. ತಲೆ ತಗ್ಗಿಸಿಕೊಂಡೇ ವರದಿಯ ಮಾತು ಹೇಳಿದೆ.

“ಸಾಹೇಬರ ಬೂಟಿಗಿ ರಾಡಿ ಹತ್ತಬಾರ್ದಂತ ಮಾಡಿದ್ದೆವ್ರಿ ಅಣ್ಣೋರ. ಅದು ತಪ್ಪಾತೇನು?”

ನಾನು ಟೈಪ್‌ರೈಟರಿಗೆ ಇನ್ನೊಂದು ಹಾಳೆ ಏರಿಸಿದೆ. ಅಲ್ಲಿ ಈಗ ಸಿಮೆಂಟಿನ ಸೇತುವೆಯಿದೆಯಂತೆ. ದಿವಾದ ಮೇಲೆ ರೈಲಿನಲ್ಲಿ ನೂರು ಸಲ ಹೋಗಿದ್ದೇನೆ, ಇಳಿದು ನೋಡುವ ಧೈರ್ಯ ಬಂದಿಲ್ಲ.

ಇವತ್ತು ಮಧ್ಯಾಹ್ನ, ಅಧಿಕಾರಿಗಳು ಬರುವ ಮೊದಲೇ, ಕೆಳಗಿಳಿದು ವಾಚ್‌ಮನ್‌ನ ಸಲಿಕೆ ತೆಗೆದುಕೊಂಡು, ಹೊಂಡಕ್ಕೆ ಸುರಿದಿದ್ದ ಜಲ್ಲಿಯನ್ನೆಲ್ಲ ಎಳೆದು ಹೊರಗೆ ಹಾಕತೊಡಗಿದೆ. ಸೆಕ್ರೆಟರಿ ಓಡಿ ಬಂದ.

“ಅಂಕಲ್, ಯೇ ಕ್ಯಾ ಕರ್ ರಹೇ ಹೋ? ಸಾಬ್ ಕೇ ಜೂತೇ ಖರಾಬ್ ಹೋ ಜಾಯೇಂಗೇ!”

“ಬೂಟು ರಾಡಿ ಆಗಲಿ” ಎಂದೆ ಕನ್ನಡದಲ್ಲೇ, ಮತ್ತೆ ಸಲಿಕೆ ಎತ್ತಿದೆ.