ಎಕಂಬಾಕ್ಕೆ ಹೋದ ಲಸಿಕೆ

ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ಚಳಿಗಾಲದಲ್ಲಿ ಔರಾದ ಕಡೆ ಸಿಡುಬು ಎದ್ದಿತು. ನಾನಾಗ ಭಾಲ್ಕಿಯಲ್ಲಿ ಗಣಿತದ ಮಾಸ್ತರ. ಆಗಿನ ಹೊಡೆದಾಟದ ಗದ್ದಲದಲ್ಲಿ ಮುಚ್ಚಿದ ಶಾಲೆ ಇನ್ನೂ ತೆರೆದಿರಲಿಲ್ಲ. ಉರ್ದು, ಕನ್ನಡ, ಮರಾಠಿ ಮೂರೂ ಬರುತ್ತಿದ್ದುದರಿಂದ, ನಮ್ಮ ಕಡೆ ಟೀಕಾ ಎನ್ನುವ ಲಸಿಕೆ ಹಾಕುವ ಸರ್ಕಾರಿ ನೌಕರರೊಬ್ಬರ ಜೊತೆ ಹಳ್ಳಿಹಳ್ಳಿಗೆ ಹೋಗಿ ಮಕ್ಕಳ ಹೆಸರು ಬರೆಯುವ ಕೆಲಸ ಸಿಕ್ಕಿತು.

ಅವರು ವಯಸ್ಸಾದ ಮುಸಲ್ಮಾನರು. ನಾನು ಚಾಚಾ ಎನ್ನುತ್ತಿದ್ದೆ. ನಿಜಾಮರ ಕಾಲದಿಂದಲೂ ಅದೇ ಕೆಲಸ ಮಾಡಿದವರು ಈಗ ಒಬ್ಬರೇ ಹಳ್ಳಿಗೆ ಹೋಗಲು ಅಂಜುತ್ತಿದ್ದರು. ಹಳ್ಳಿಯವರೂ ಅಂಜಿದ್ದರು. ಹೆಸರು ಬರೆಯಲು ಬಂದವರು ಯಾರೇ ಆಗಲಿ, ಕಂಡ ಕೂಡಲೇ ಬಾಗಿಲು ಹಾಕುತ್ತಿದ್ದರು. "ನಮಗ ಮತ್ತೇನೂ ಬ್ಯಾಡ್ರಿ ತಾಯಿ, ಕೂಸಿನ ತೋಳಷ್ಟ ತೋರಿಸ್ರಿ" ಎಂದು ಚಾಚಾ ಅಂಗಳದಲ್ಲೇ ನಿಂತು ಬೇಡುತ್ತಿದ್ದರು.

ಅವರ ಉರ್ದು ದಾಖಲೆಗಳನ್ನು ತಿರುವುತ್ತಿದ್ದಾಗ ನನಗೊಂದು ಸಂಗತಿ ಕಂಡಿತು. ಒಂದು ಮಗುವಿಗೆ ಗುಳ್ಳೆ ಎದ್ದ ಸುಮಾರು ಎರಡು ವಾರಕ್ಕೆ ಅದರ ಜೊತೆಗಿದ್ದ ಮಕ್ಕಳಿಗೆ ಏಳುತ್ತಿತ್ತು. ನಡುವೆ ಎಲ್ಲವೂ ತಣ್ಣಗೆ. ಕಾಗದದ ಮೇಲೆ ಮನೆಗಳನ್ನು ಚುಕ್ಕಿಯಾಗಿಟ್ಟು, ಯಾರಿಂದ ಯಾರಿಗೆ ಎಂದು ಗೆರೆ ಎಳೆದೆ. ಒಂದು ಚುಕ್ಕಿಯಿಂದ ಮೂರು, ಮೂರರಿಂದ ಒಂಬತ್ತು. ಲಸಿಕೆಯಾಗಿದ್ದ ಮನೆಗೆ ಬಂದಾಗ ಮಾತ್ರ ಗೆರೆ ನಿಂತುಬಿಡುತ್ತಿತ್ತು. ಹಾಗಾದರೆ ರೋಗದ ಮನೆಯ ಸುತ್ತ ಬೇಗನೆ ಲಸಿಕೆ ಹಾಕಿದರೆ ಉಳಿದ ಊರು ಬದುಕುತ್ತದೆ.

ಅದೇ ವಾರ ಬೀದರಿಗೆ ಸ್ವಲ್ಪವೇ ಲಸಿಕೆ ಬಂತು. ಅಲ್ಲಿನ ಡಾಕ್ಟರು ಅದನ್ನು ಕಮಠಾಣಕ್ಕೆ ಕಳಿಸುವವರಿದ್ದರು. ದೊಡ್ಡ ಊರು, ಅಲ್ಲಿಯ ಜನ ಬಂದು ಕೇಳಿಯೂ ಹೋಗಿದ್ದರು. ನಾನು ಕಾಗದ ಬಿಡಿಸಿ ಅವರ ಮುಂದಿಟ್ಟೆ.

"ಕಮಠಾಣದಾಗ ಇನ್ನೂ ಬ್ಯಾನಿ ಇಲ್ರಿ. ಎಕಂಬಾದಾಗ ಎರಡು ಮನ್ಯಾಗ ಎದ್ದದ. ಅಲ್ಲಿ ತಡದ್ರ ಔರಾದ ಸಂತಿಗೆ ಹೋಗೂದಿಲ್ರಿ. ಸಂತಿಗೆ ಹೋತಂದ್ರ ಎಲ್ಲಾ ಊರಿಗೂ ಹೋತು."

"ಲೆಕ್ಕ ತಪ್ಪಿದ್ರ ಹ್ಯಾಂಗ ಮಾಸ್ತರ?"

ನನ್ನ ಅಕ್ಕನನ್ನು ಕೊಟ್ಟಿದ್ದು ಕಮಠಾಣಕ್ಕೆ. ಅವಳ ಮೂರು ವರ್ಷದ ಮಗಳಿಗೆ ಲಸಿಕೆ ಆಗಿರಲಿಲ್ಲ. ಅದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ. "ತಪ್ಪಂಗಿಲ್ರಿ" ಎಂದೆ.

ಬಿಸಿಗೆ ಲಸಿಕೆ ಕೆಡದಂತೆ ಅದರ ಗಾಜಿನ ನಳಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಬಿಸಿಲೇರುವ ಮುಂಚೆ ಎಕಂಬಾ ಮುಟ್ಟಿದೆವು. ಎರಡೂ ಮನೆಗಳ ಸುತ್ತಲಿನ ಒಂದು ಮಗುವನ್ನೂ ಬಿಡಲಿಲ್ಲ. ಕಣಕ್ಕೆ, ಕುರಿಹಟ್ಟಿಗೆ ಹೋಗಿ ಹುಡುಕಿ ಹಾಕಿದೆವು. ಆಮೇಲೆ ಎರಡು ವಾರ ದಿನ ಎಣಿಸುತ್ತ ಕುಳಿತೆ. ಹದಿನಾಲ್ಕನೆಯ ದಿನ ಹೋಗಿ ನೋಡಿದರೆ ಹೊಸದಾಗಿ ಯಾರಿಗೂ ಎದ್ದಿರಲಿಲ್ಲ. ಚಾಚಾ ನನ್ನನ್ನು ತಬ್ಬಿಕೊಂಡರು.

ಎರಡು ದಿನ ಬಿಟ್ಟು ಕಮಠಾಣದಿಂದ ಸುದ್ದಿ ಬಂತು. ಅಕ್ಕನ ಮಗಳ ಮೈತುಂಬ ಗುಳ್ಳೆ.

ಗದ್ದಲದಲ್ಲಿ ಊರು ಬಿಟ್ಟು ಓಡಿದ್ದ ಅಕ್ಕನ ನೆರೆಮನೆಯವರು, ನಾವು ಎಕಂಬಾದಲ್ಲಿದ್ದಾಗಲೇ ಕಾಯಿಲೆಯ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮರಳಿದ್ದರು. ಸಂತೆಯ ದಾರಿಯನ್ನಷ್ಟೇ ನಾನು ಕಾಗದದಲ್ಲಿ ಎಳೆದಿದ್ದೆ. ಜೀವಭಯಕ್ಕೆ ಓಡಿದವರು ಯಾವ ದಾರಿಯಲ್ಲಿ ತಿರುಗಿ ಬರುತ್ತಾರೆಂದು ಯೋಚಿಸಿರಲೇ ಇಲ್ಲ.

ಅಷ್ಟರಲ್ಲಿ ಬೀದರಿಗೆ ಮತ್ತೆ ಲಸಿಕೆ ಬಂದಿತ್ತು. ಅದನ್ನೆತ್ತಿಕೊಂಡು ಚಾಚಾ ಮತ್ತು ನಾನು ಕಮಠಾಣಕ್ಕೆ ಓಡಿದೆವು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು.

"ತಮ್ಮಾ, ಟೀಕಾ ಮೊದಲ ನಮ್ಮೂರಿಗೇ ಬರೂದಿತ್ತಂತ. ಯಾಕ ಬರ್ಲಿಲ್ಲ?"

"ನಾನೇ ಬ್ಯಾಡಂದೆ ಅಕ್ಕಾ."

ಅವಳು ಒಳಗೆ ಮಗಳ ಬಳಿ ಹೋದಳು. ಮನೆ ಪಕ್ಕದಲ್ಲೇ ಸಿಡುಬು ಕಂಡ ಅಂಜಿಕೆಗೆ ಓಣಿಯಲ್ಲಿ ಅಷ್ಟೂ ಬಾಗಿಲು ಹಾಕಿದ್ದವು. ಚಾಚಾ ಕರೆದರೂ ಯಾರೂ ತೆಗೆಯುತ್ತಿರಲಿಲ್ಲ. ಮಗಳನ್ನು ಅತ್ತೆಯ ಬಳಿ ಬಿಟ್ಟು, ಅಕ್ಕ ತಾನೇ ಒಂದೊಂದು ಮನೆಯ ಮುಂದೆ ನಿಂತು ಕೂಗಿದಳು: "ನನ್ನ ಮಗಳಿಗಿ ಆಗಿದ್ದು ನಿಮ್ಮ ಮಕ್ಕಳಿಗಿ ಬ್ಯಾಡ್ರಿ. ಬಾಗಲಾ ತೆಗೀರಿ!" ಒಂದು ಬಾಗಿಲು ತೆರೆಯಿತು, ಆಮೇಲೆ ಇನ್ನೊಂದು. ಸಂಜೆಯೊಳಗೆ ಓಣಿಯ ಮಕ್ಕಳಿಗೆಲ್ಲ ಲಸಿಕೆ ಆಯಿತು.

ಆ ಓಣಿಯಾಚೆಗೆ ಕಮಠಾಣದಲ್ಲಿ ಸಿಡುಬು ಹಬ್ಬಲಿಲ್ಲ. ಅಕ್ಕನ ಮಗಳು ಉಳಿದಳು, ಎಡಗಣ್ಣು ಹೋಯಿತು. ಅಕ್ಕ ಬಹಳ ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಮಾತ್ರ ಭಾನುವಾರಕ್ಕೊಮ್ಮೆ ಹೋಗಿ, ಆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿ ಬರುತ್ತಿದ್ದೆ.