ಸುಣ್ಣ ಬಳಿದ ಮುಖ

ನಂಜನಗೂಡಿನ ಸ್ನಾನಘಟ್ಟದ ಗೋಡೆಗೆ ಹೊಸ ಚಿತ್ರ ಬರೆಸಿದ್ದಾರೆ, ನೋಡಿದಿರಾ? ಮೊನ್ನೆ ಮೆಟ್ಟಿಲಿಳಿಯುತ್ತಿದ್ದಂತೆ ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ಗೋಡೆ ತುಂಬ ಹಂಸಗಳು. ಕಪಿಲೆಯಲ್ಲಿ ಹಂಸ ಕಂಡವರಿದ್ದರೆ ಹೇಳಿ. ನನಗೆ ಸಿಟ್ಟು ನೆತ್ತಿಗೇರಿತು. ಬಿಪಿ ಮಾತ್ರೆ ನುಂಗುವ ವಯಸ್ಸಿನಲ್ಲಿ ಪಾಪದ ಹಂಸಗಳ ಮೇಲೇಕೆ ಸಿಟ್ಟು ಎಂದು ನೀವು ನಗಬಹುದು. ಕೇಳಿ.

ಎಪ್ಪತ್ತರ ದಶಕದ ಕೊನೆಯಲ್ಲಿ ಈ ಗೋಡೆಗೆ ಚಿತ್ರ ಬರೆದವಳು ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದಳು. ನಮ್ಮದು ಅರ್ಚಕರ ಮನೆ. ಘಟ್ಟದ ಸಮಿತಿಯವರು "ಏನಾದ್ರೂ ಚೆಂದಾಗಿ ಬರೀರಮ್ಮ" ಎಂದಿದ್ದರು. ಅವಳು ಹೊಳೆಗೆ ಬರುವವರನ್ನೇ ಬರೆದಳು. ಮುಡಿ ಕೊಟ್ಟ ಮಗು, ಹರಿಗೋಲಿನವನು, ಬಟ್ಟೆ ಒಗೆಯುವ ನನ್ನಮ್ಮ. ಸೊಂಟ ದಪ್ಪ ಬರೆದಳೆಂದು ಅಮ್ಮ ಅವಳೊಡನೆ ಮಾತು ಬಿಟ್ಟಿದ್ದಳು. ನಟ್ಟನಡುವೆ ನಮ್ಮ ಬೀದಿಗೆ ಸೊಪ್ಪು ಮಾರಲು ಬರುತ್ತಿದ್ದ ಸಿದ್ದಮ್ಮ, ನೀರಲ್ಲಿ ನಿಂತು ನಗುತ್ತಿದ್ದಳು.

ಸಿದ್ದಮ್ಮ ಊರಾಚೆಯ ಕೇರಿಯವಳು. ಅವಳ ಕೇರಿಯವರು ಆ ಘಟ್ಟದಲ್ಲಿ ನೀರಿಗಿಳಿಯುತ್ತಿರಲಿಲ್ಲ. ಇಳಿಯಬಾರದೆಂಬ ಬೋರ್ಡೇನೂ ಇರಲಿಲ್ಲ. ಬೋರ್ಡಿನ ಅಗತ್ಯವೇ ಇರಲಿಲ್ಲ.

ಸಮಿತಿಯ ಅಧ್ಯಕ್ಷರು ಬಂದು ನೋಡಿದರು. "ಆ ಹೆಂಗಸನ್ನ ತೆಗೀರಮ್ಮ. ಭಕ್ತರು ಮೀಯೋ ಜಾಗ. ಅಲ್ಲೊಂದು ಹಂಸ ಬರೆದ್ಬಿಡಿ."

"ಬರೆಯಲ್ಲ ಕಣ್ರೀ" ಎಂದಳು ಚಿಕ್ಕಮ್ಮ.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಸಿದ್ದಮ್ಮನ ಮುಖಕ್ಕೆ ಸುಣ್ಣ ಬಳಿದಿದ್ದರು. ಮುಖಕ್ಕಷ್ಟೇ. ಸೀರೆ, ಕೈಕಾಲು ಹಾಗೇ ಇದ್ದವು. ಪೂರ್ತಿ ಅಳಿಸುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲವಲ್ಲ ಎಂದು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಸುದ್ದಿ ಕೇಳಿ ಸಿದ್ದಮ್ಮ ಬಂದಳು. ಸೊಪ್ಪಿನ ಪುಟ್ಟಿ ಇಳಿಸಿ, ಗೋಡೆಯನ್ನು ಒಂದಿಷ್ಟು ಹೊತ್ತು ನೋಡಿದಳು. ಚಿಕ್ಕಮ್ಮ ಕಣ್ಣೊರೆಸಿಕೊಂಡು, "ತಿರುಗಾ ಬರೀತೀನಿ ಸಿದ್ದಮ್ಮ" ಎಂದಳು.

"ಬ್ಯಾಡ ಕಣವ್ವ. ತಿರ್ಗಾ ಬಳೀತರೆ. ನಾನೇ ನೀರ್ಗಿಳೀತೀನಿ. ಜೊತೇಲಿ ಬತ್ತೀಯಾ?"

ಚಿಕ್ಕಮ್ಮ ಅವಳ ಕೈ ಹಿಡಿದಳು. ಉಟ್ಟ ಸೀರೆಯಲ್ಲೇ ಇಬ್ಬರೂ ಇಳಿದು ಮುಳುಗೆದ್ದರು. ಮೀಯುತ್ತಿದ್ದವರು ದಡಬಡನೆ ದಡಕ್ಕೆ ಓಡಿದರು. ಅಧ್ಯಕ್ಷರು ಮೇಲಿನ ಮೆಟ್ಟಿಲಿನಲ್ಲಿ ನಿಂತು ಅರಚುತ್ತಲೇ ಇದ್ದರು. ಸಿದ್ದಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ಬೊಗಸೆಯಲ್ಲಿ ನೀರೆತ್ತಿ ಮುಖ ತೊಳೆದುಕೊಂಡಳು, ನಿಧಾನವಾಗಿ.

ಅಂದು ಸಂಜೆ ಅಪ್ಪ, "ಇನ್ನು ನೀನು ಅಡುಗೆಮನೆಗೆ ಬರಕೂಡದು" ಎಂದರು. ಚಿಕ್ಕಮ್ಮ ಟ್ರಂಕು ಎತ್ತಿಕೊಂಡು ಹೊರಟವಳು ಸ್ಟೇಷನ್ ಹತ್ತಿರ ರೂಮು ಹಿಡಿದಳು. ನಮ್ಮ ಮನೆಗೆ ಮತ್ತೆ ಬರಲಿಲ್ಲ. ಸಿದ್ದಮ್ಮ ಮಾತ್ರ ಪ್ರತಿ ಸೋಮವಾರ ಘಟ್ಟಕ್ಕೆ ಬಂದಳು. ಆಮೇಲಾಮೇಲೆ ಅವಳ ಕೇರಿಯ ಹೆಂಗಸರೂ ಬಂದರು. ಸಮಿತಿಯವರು ಇಡೀ ಗೋಡೆಗೇ ಸುಣ್ಣ ಹೊಡೆಸಿದರು.

ಈಗ ಇಬ್ಬರೂ ಇಲ್ಲ. ಮೊನ್ನೆ ಇದನ್ನೆಲ್ಲ ನೆನೆಯುತ್ತ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದೆ. ಹಳ್ಳಿಯ ಕಡೆಯವಳೊಬ್ಬಳು ಕಂಕುಳಲ್ಲಿ ಮಗುವಿಟ್ಟುಕೊಂಡು, ಅತ್ತಿತ್ತ ನೋಡಿ, ಅಳುಕುತ್ತ ಕೇಳಿದಳು: "ಅಮ್ಮಾ, ನಾವು ಇಲ್ಲಿ ಇಳೀಬೋದಾ?"

"ಇಳಿ ತಾಯಿ. ಯಾರನ್ನೂ ಕೇಳ್ಬೇಡ" ಎಂದೆ. ಅದೆಷ್ಟು ಜೋರಾಗಿ ಅಂದೆನೋ, ಘಟ್ಟದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ನಾನೂ ಸೆರಗು ಕಟ್ಟಿ ಅವಳ ಹಿಂದೆಯೇ ನೀರಿಗಿಳಿದೆ.