ಸರ್ವರ್ ನಿಂತಿರಲಿಲ್ಲ

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಅರ್ಧ ಮುರಿದಿರುತ್ತಿತ್ತು. ಸ್ಕ್ರೂಡ್ರೈವರ್ ಹುಡುಕುವ ತಾಳ್ಮೆಯಿಲ್ಲದೆ ಕಂಪ್ಯೂಟರಿನ ಮುಚ್ಚಳವನ್ನು ಉಗುರಿನಿಂದಲೇ ಎಬ್ಬಿಸುತ್ತಿದ್ದರು. ತಿಕೋಟಾದ ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ ಕಂಪ್ಯೂಟರ್ ನೋಡಿಕೊಳ್ಳಲು ಗೋಳಗುಮ್ಮಟದ ಕಡೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅವರನ್ನು ಎಲ್ಲರೂ ‘ಲಿನಕ್ಸ್ ಬಾಯಾರು’ ಎನ್ನುತ್ತಿದ್ದರು. ಹೆಂಗಸರನ್ನು ಗೌರವದಿಂದ ‘ಬಾಯಾರು’ ಎನ್ನುವುದು ನಮ್ಮ ಕಡೆಯ ರೂಢಿ; ಚೇಷ್ಟೆಗಾಗಿ ಅದಕ್ಕೆ ಲಿನಕ್ಸ್ ಸೇರಿಸಿದವನು ನಾನೇ.

ನಾನು ಅಲ್ಲಿ ಹಳೆಯ ಗುಮಾಸ್ತ. ನಮ್ಮ ಮೇಜುಗಳ ಮೇಲೆಲ್ಲ ವಿಂಡೋಸ್ ಇತ್ತು. ಯಾರ ಪೆಟ್ಟಿಗೆ ಎಲ್ಲಿದೆ ಎಂಬುದನ್ನು ನೆನಪಿಡುವ ಹಿಂದಿನ ಖೋಲಿಯ ಸರ್ವರಿನಲ್ಲಿ ಮಾತ್ರ ಬಾಯಾರು ಅದರ ಬದಲು ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಹಾಕಿದ್ದರು. ಬಂದವರೇ ಚಹಾಕ್ಕೂ ಮೊದಲು ಅದರ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದರು.

“ಬಾಯಾರ, ಊರಾಗ ಯಾರೂ ಬಳಸದ್ದನ್ನ ಯಾಕ ತಂದ್ರಿ?” ಎಂದು ಕೆಣಕಿದ್ದೆ.

“ಕಾಕಾ, ನೀವು ಬರೇ ಟೇಬಲ್ ನೋಡ್ತೀರಿ. ಟೇಬಲ್ ಮ್ಯಾಲ ಅದು ಕಡಿಮೀನ. ಸರ್ವರ್ ಇರೋ ಖೋಲಿ ಬಾಗಲಾ ತಗದು ನೋಡ್ರಿ, ಜಗತ್ತಿನಾಗ ಬಾಳ ಕಡೆ ಅದ ಕುಂತೈತಿ. ನಿಮ್ಮ ಕಿಸೇದಾಗಿನ ಫೋನಿನ ಹೊಟ್ಟ್ಯಾಗೂ ಐತಿ.”

“ನನಗ ಹೇಳದ ಹೆಂಗ ಹೊಕ್ಕಿತು?” ಎಂದು ಕಿಸೆ ಮುಟ್ಟಿಕೊಂಡೆ. ಇಬ್ಬರೂ ನಕ್ಕೆವು.

ಒಮ್ಮೆ ಹಾಡು ತುಂಬಿದ ಪೆನ್‌ಡ್ರೈವ್ ಒಂದನ್ನು ಮನೆಯಿಂದ ತಂದು ಆಫೀಸಿನ ಕಂಪ್ಯೂಟರಿಗೆ ಹಾಕಿದೆ. ಅದರಿಂದ ವೈರಸ್ ಹೊಕ್ಕಿತು. ಮಾಲು ಬಿಡಿಸುವ ಚೀಟಿ ಕೊಡುತ್ತಿದ್ದುದು ನನ್ನ ಆ ಕಂಪ್ಯೂಟರೊಂದೇ; ಅದು ಮೇಲಿಂದ ಮೇಲೆ ನಿಲ್ಲತೊಡಗಿತು. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆಂದು, ಬಂದವರಿಗೆಲ್ಲ “ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ” ಎಂದೆ. ಜೈನಾಪುರದ ಹೆಣ್ಣುಮಗಳೊಬ್ಬಳು, “ನಿಮ್ಮ ಸರ್ವರಿಗೆ ದಿನಾ ನೆಗಡಿ ಏನ್ರಿ?” ಎಂದವಳೇ ಮಾಲೀಕರ ಬಳಿಗೆ ಹೋದಳು.

ಮಾಲೀಕರು ನನ್ನನ್ನೂ ಬಾಯಾರನ್ನೂ ಕರೆದರು.

“ಸರ್ವರ್ ಒಂದು ನಿಮಿಷಾನೂ ನಿಂತಿಲ್ರಿ. ನಿಂತಿದ್ದು ಕಾಕಾನ ಕಂಪ್ಯೂಟರ್,” ಎಂದರು ಬಾಯಾರು.

“ಯಾರೂ ಬಳಸದ್ದನ್ನ ಹಾಕಿದ್ರ ಹಿಂಗ ಆಗೂದು,” ಎಂದೆ ನಾನು, ಅವರ ಮುಖ ನೋಡದೆ.

ಮಾಲೀಕರು ಹಳಬನಾದ ನನ್ನನ್ನು ನಂಬಿ, ಬಾಯಾರನ್ನು ಕೆಲಸದಿಂದ ತೆಗೆದರು. ಹೋಗುವಾಗ ಅವರು ಹೇಳಿದ್ದು ಒಂದೇ ಮಾತು: “ಕಾಕಾ, ನನ್ನ ಮ್ಯಾಲಿನ ಸಿಟ್ಟಿಗೆ ಅದನ್ನ ಬಂದ್ ಮಾಡಬ್ಯಾಡ್ರಿ.”

ನೋಡಿಕೊಳ್ಳುವವರಿಲ್ಲದೆಯೂ ಆ ಸರ್ವರ್ ನಡೆದೇ ಇತ್ತು. ಆದರೆ ನನ್ನ ಸುಳ್ಳು ಬಬಲೇಶ್ವರದವರೆಗೂ ಮುಟ್ಟಿತ್ತು. ಬಾಯಾರು ಇಟ್ಟ ಸರ್ವರ್ ನಿಲ್ಲುತ್ತದಂತೆ ಎಂದು ಯಾವ ಸ್ಟೋರೇಜಿನವರೂ ಅವರಿಗೆ ಕೆಲಸ ಕೊಡಲಿಲ್ಲ. ವರ್ಷಗಳ ಮೇಲೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ, ಮಾಲೀಕರ ಮುಂದೆ ಒಪ್ಪಿಕೊಂಡೆ. ಅವರು ಬಾಯಾರನ್ನು ತಿರುಗಿ ಕರೆದರು. ಬಾಯಾರು ಬರಲಿಲ್ಲ, ನನಗೆ ಫೋನ್ ಮಾಡಿದರು.

“ನೌಕರಿ ಬ್ಯಾಡ್ರಿ ಕಾಕಾ. ನನ್ನ ಹೆಸರು ಎಲ್ಲೆಲ್ಲಿ ಕೆಟ್ಟೈತಿ, ಅಲ್ಲಲ್ಲಿ ಹೋಗಿ ಖರೇ ಹೇಳ್ರಿ.”

ಹೇಳುತ್ತಿದ್ದೇನೆ. ತಿಕೋಟಾದ ಸ್ಟೋರೇಜುಗಳು ಮುಗಿದವು. ಬಬಲೇಶ್ವರದಲ್ಲಿ ಮ್ಯಾನೇಜರೊಬ್ಬರು, “ಹಳೇ ಮಾತು ಬಿಡ್ರಿ ಅಜ್ಜಾರ, ಚಹಾ ಕುಡೀರಿ” ಎಂದರು. ಅವರು ಪೂರ್ತಿ ಕೇಳಿಸಿಕೊಳ್ಳುವವರೆಗೂ ನಾನು ಚಹಾದ ಕಪ್ ಮುಟ್ಟಲಿಲ್ಲ, ಕುರ್ಚಿ ಬಿಟ್ಟೇಳಲಿಲ್ಲ. ಮೊನ್ನೆ ಅಲ್ಲಿಂದಲೇ ಬಾಯಾರಿಗೆ ಕೆಲಸಕ್ಕೆ ಕರೆ ಹೋಗಿದೆಯಂತೆ. ಕೆಲಸವಿಲ್ಲದೆ ಅವರು ಮನೆಯಲ್ಲಿ ಕಳೆದ ವರ್ಷಗಳನ್ನು ನಾನು ತಂದುಕೊಡಲಾರೆ. ಇನ್ನೂ ನಾಲ್ಕು ಕಡೆ ಹೇಳುವುದಿದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.